ತಗಡಿನ ಶೆಡ್ಡಿಗೆ ಹೋದ ದೊಡ್ಡ ಮೇಡಂ

ದೊಡ್ಡ ಮೇಡಂ ಮಾತಿಗೆ ಶುರು ಮಾಡುವ ಮೊದಲು ಎದುರಿಗಿದ್ದವರ ಮಣಿಕಟ್ಟು ಹಿಡಿಯುತ್ತಿದ್ದರು. ಬಿಗಿಯಾಗಿ ಏನಲ್ಲ, ನಾಡಿ ನೋಡುವ ವೈದ್ಯರ ಹಾಗೆ ಮೂರೇ ಬೆರಳಲ್ಲಿ. ಆದರೆ ಒಮ್ಮೆ ಹಿಡಿದರೆ ವಿಷಯ ಇತ್ಯರ್ಥ ಆಗುವವರೆಗೆ ಬಿಡುತ್ತಿರಲಿಲ್ಲ. ಕಚೇರಿಯ ಮುಂದೆ ಸೊಪ್ಪು ಮಾರುವವಳ ಕೈಯನ್ನೂ ಹಾಗೇ ಹಿಡಿಯುತ್ತಿದ್ದರು, ಆಯುಕ್ತರ ಕೈಯನ್ನೂ ಹಾಗೇ. ಹೊಸದಾಗಿ ಬಂದ ಸಾಹೇಬರೊಬ್ಬರು ಮೊದಲ ದಿನ ಗಾಬರಿಯಾಗಿ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದರಂತೆ. "ಇರ್ರಿ ಸರ, ನಾ ಏನು ಕಡಿಯಂಗಿಲ್ಲ. ಮಾತು ಮುಗೀಲಿ, ಕೈ ವಾಪಸ್ ಕೊಡ್ತೀನಿ," ಅಂದರಂತೆ ಮೇಡಂ. ಆಮೇಲೆ ಅವರನ್ನು ನೋಡಿದ ಕೂಡಲೇ ಆ ಸಾಹೇಬರು ತಾವೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಟ್ಟು ತಯಾರಾಗಿ ಕೂರುತ್ತಿದ್ದರು ಎಂದು ಜವಾನರು ನಗುತ್ತಿದ್ದರು.

ಅವರ ಪೂರ್ತಿ ಹೆಸರು ದೊಡ್ಡಬಸಮ್ಮ. ಹುಟ್ಟೂರು ಕುರುಗೋಡು. ಆ ಊರಲ್ಲಿ ಬಸವಣ್ಣನ ಹೆಸರಿಲ್ಲದ ಮನೆ ಹುಡುಕಬೇಕು. ಬಳ್ಳಾರಿಗೆ ವರ್ಗವಾಗಿ ಬಂದ ಮೇಲೆ ಅಷ್ಟುದ್ದ ಹೆಸರು ಯಾರ ನಾಲಿಗೆಯಲ್ಲೂ ನಿಲ್ಲದೆ, ದೊಡ್ಡ ಮೇಡಂ ಆಗಿ ಉಳಿಯಿತು. ಅವರಿಗಿಂತ ಮೇಲಿನ ಹುದ್ದೆಯ ಹೆಣ್ಣುಮಕ್ಕಳೂ ಅಲ್ಲಿದ್ದರು, ಅವರಿಗೆ ಒಂದಿಷ್ಟು ಇರಿಸುಮುರಿಸು. "ನೀವು ಬ್ಯಾಸರ ಮಾಡ್ಕಬ್ಯಾಡ್ರಿ. ಇದು ನಮ್ಮಪ್ಪ ಕೊಟ್ಟ ಪ್ರಮೋಷನ್ನು, ಸರ್ಕಾರ ಕೊಟ್ಟಿದ್ದಲ್ಲ," ಎಂದು ಮೇಡಂ ಸಮಾಧಾನ ಹೇಳುತ್ತಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಮಾಡಿದವರಿಗೆ, "ಮೀಟಿಂಗ್ ಇದ್ವು," ಎಂಬ ಉತ್ತರ ಸಿಗುತ್ತಿತ್ತು.

ನಾನು ಶೈಲಿ, ತೆಕ್ಕಲಕೋಟೆಯವಳು. ಸಿವಿಲ್ ಓದಿ, ಗುತ್ತಿಗೆ ಇಂಜಿನಿಯರಾಗಿ ಬಳ್ಳಾರಿಯ ವಸತಿ ವಿಭಾಗ ಸೇರಿದಾಗ ನನ್ನನ್ನು ಅವರ ಜೊತೆಗೆ ಹಾಕಿದರು. ಮೇಡಂ ಸಮುದಾಯ ಸಂಘಟನಾಧಿಕಾರಿ. ಬಡವರ ಮನೆಗೆಂದು, ಓಣಿಗಳಲ್ಲಿ ಶಿಶುವಿಹಾರ, ಸಮುದಾಯ ಭವನ, ಚರಂಡಿ, ಇಂಥವಕ್ಕೆಂದು ದಿಲ್ಲಿಯಿಂದ ಅನುದಾನ ಬರುತ್ತದೆ. ರಾಜ್ಯ ತನ್ನ ಪಾಲು ಸೇರಿಸುತ್ತದೆ, ಮನೆಯವರೂ ಸ್ವಲ್ಪ ಹಾಕಬೇಕು. ಆ ದುಡ್ಡು ಮೇಲಿನಿಂದ ಇಳಿದಿಳಿದು ಕೊನೆಗೆ ಓಣಿಯ ನೆಲ ಮುಟ್ಟುವ ಜಾಗದಲ್ಲಿ ಮೇಡಂ ನಿಂತಿರುತ್ತಿದ್ದರು. ನಾನು ಅಳತೆ ಟೇಪು ಹಿಡಿದು ಅವರ ಹಿಂದೆ.

ಮೊದಲ ವಾರವೇ ಒಂದು ಓಣಿಯಲ್ಲಿ ಒಬ್ಬಾಕೆ ಕೈ ಮುಗಿದು, "ಸರ್ಕಾರ ಪುಣ್ಯ ಕಟ್ಕಂತು ಮೇಡಮ್ಮಾ, ಪುಗಸಟ್ಟೆ ಮನಿ ಕೊಡ್ತು," ಅಂದಳು. ಮೇಡಂ ಆ ಮುಗಿದ ಕೈಗಳನ್ನೇ ಹಿಡಿದುಕೊಂಡರು.

"ಪುಗಸಟ್ಟೆ ಯಾರ್ಲೇ ಅಂದ್ರು ನಿನಗ? ನೀ ಸೋಪ್ ತಗಂತಿ. ಕಡ್ಡಿಪೆಟ್ಟಿಗಿ ತಗಂತಿ. ಅದರಾಗ ತೆರಿಗಿ ಇರತೈತಿ. ಆ ರೊಕ್ಕ ದಿಲ್ಲಿಗೆ ಹೋಗತೈತಿ, ದಿಲ್ಲಿ ಎಲ್ಲಾ ನೋಡ್ಕಂಡು ತಿರುಗಿ ನಿನ್ನ ಮನಿಗೆ ಬಂದೈತಿ. ನಿನ್ನ ರೊಕ್ಕನ ಅದು. ದಣದು ಬಂದೈತಿ, ಕುಂದ್ರಿಸಿ ನೀರು ಕೊಡು. ಕೈ ಮುಗೀಬ್ಯಾಡ."

ಈ ಮಾತನ್ನು ಅವರು ಎಷ್ಟು ಓಣಿಗಳಲ್ಲಿ ಹೇಳಿದರೋ, ನನಗೆ ಬಾಯಿಪಾಠ. ಆದರೂ ಪ್ರತಿ ಸಲ ದುಡ್ಡು ಬೇರೆ ಬೇರೆ ಕಡೆ ಸುತ್ತಾಡಿ ಬರುತ್ತಿತ್ತು. ಒಮ್ಮೆ ತಾಜಮಹಲೂ ನೋಡಿ ಬಂತು.

ಅವರು ಯಾಕೆ ಹೀಗೆ ಎಂದು ನನಗೆ ಗೊತ್ತಾಗಿದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚಿ ಕೂತಾಗ. ಮೇಡಂ ಮೊದಲು ಕೆಲಸಕ್ಕೆ ಸೇರಿದ್ದು ಸಿರುಗುಪ್ಪದಲ್ಲಿ. ಆಗಿನ್ನೂ ಹುಡುಗಿ. ಭತ್ತದ ಗದ್ದೆಯ ಕೂಲಿಗಳಿಗೆ ಒಂದು ಸಾಲು ಮನೆ ಕಟ್ಟಿಸಿ, ಬೀಗದ ಕೈ ಹಂಚಿ, ಸಿಹಿ ತಿನ್ನಿಸಿ ಬಂದಿದ್ದರು. ಮೂರು ತಿಂಗಳಾದ ಮೇಲೆ ಹೋಗಿ ನೋಡಿದರೆ ಮನೆಗಳ ಒಳಗೆ ಕಟ್ಟಿಗೆ, ಹೊಟ್ಟಿನ ಚೀಲ, ಆಡುಗಳು. ಜನ ಹೊರಗೆ ಚಪ್ಪರ ಹಾಕಿಕೊಂಡು ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಮೇಡಮ್ಮಿಗೆ ಸಿಟ್ಟು ಬಂತು. ಕೂಗಾಡಿದರು. ಒಬ್ಬಳು ಹೆಣ್ಣುಮಗಳು ಅವರನ್ನು ಒಳಗೆ ಕರೆದೊಯ್ದು, ಕೂರಿಸಿ, ಬಾಗಿಲು ಎಳೆದುಕೊಂಡಳು. ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಗೋಡೆಗೆ ಮುಖ ಮಾಡಿತ್ತು. ಏಪ್ರಿಲ್ ತಿಂಗಳು.

"ಸ್ವಲ್ಪ ಹೊತ್ತಿಗೇ ಬಾಗ್ಲು ಬಡಿದೆ, ತಗಿ ಅಂತ," ಎಂದರು ಮೇಡಂ, ರೊಟ್ಟಿ ಮುರಿಯುತ್ತ. "ಆಕಿ ತಗದು ನೀರು ಕೊಟ್ಲು. ಮನಿ ಕಟ್ಟೋದು ಇಂಜಿನಿಯರ್ ಕೆಲಸ ಶೈಲಿ, ಅದು ಆಗತೈತಿ. ಮನುಷ್ಯಾರು ಅದರೊಳಗ ಹೋಗಿ ನಿದ್ದಿ ಮಾಡಂಗ ಮಾಡೋದು ನಮ್ಮ ಕೆಲಸ. ಅದು ಆಗಂಗಿಲ್ಲ."

ಸುಣ್ಣದಗೂಡು ಓಣಿಯ ಕೆಲಸ ನಮಗೆ ಬಂದದ್ದು ಅವರು ನಿವೃತ್ತರಾಗುವುದಕ್ಕೆ ಎರಡು ವರ್ಷ ಮೊದಲು. ಗುಡ್ಡದ ಕೆಳಗೆ ನಲವತ್ತು ಚಿಲ್ಲರೆ ಗುಡಿಸಲುಗಳು. ಗಂಡಸರು ಹಮಾಲಿ, ಗೌಂಡಿ ಕೆಲಸಕ್ಕೆ ಹೋಗುವವರು. ಹೆಂಗಸರು ಮನೆಯಲ್ಲೇ ಜೀನ್ಸ್ ಹೊಲಿಯುವವರು. ಬಳ್ಳಾರಿಯ ಜೀನ್ಸ್ ಎಲ್ಲೆಲ್ಲಿಗೋ ಹೋಗುತ್ತದಲ್ಲ, ಅದರ ಜೇಬು, ಪಟ್ಟಿ, ಬೆಲ್ಟಿನ ಕೊಂಡಿ ಇಂಥ ಓಣಿಗಳಲ್ಲಿ ತಯಾರಾಗುತ್ತವೆ. ಬೆಳಿಗ್ಗೆ ಮೂಟೆ ಬಂದು ಬೀಳುತ್ತದೆ, ಸಂಜೆ ಎಣಿಸಿ ಒಯ್ಯುತ್ತಾರೆ. ಓಣಿ ಹೊಕ್ಕರೆ ಮಾತಿಗಿಂತ ಮೊದಲು ಮಷಿನ್ನಿನ ಸದ್ದು ಕೇಳುತ್ತಿತ್ತು. ಕಾಲುವೆ ನೀರಿಗೂ ಮಕ್ಕಳ ಅಂಗಾಲಿಗೂ ಹತ್ತುವ ಆ ನೀಲಿ ಬಣ್ಣ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಗುಡಿಸಲು ತೆಗೆದು ಅದೇ ಜಾಗದಲ್ಲಿ ಎರಡು ಅಂತಸ್ತಿನ ಸಾಲು ಮನೆ, ಜೊತೆಗೆ ಒಂದು ಸಮುದಾಯ ಭವನ. ಇದು ಯೋಜನೆ. ಒಂದರ ಗೋಡೆ ಇನ್ನೊಂದಕ್ಕೆ ಹೊಂದಿಕೊಂಡಿರುವುದರಿಂದ ಎಲ್ಲರೂ ಒಟ್ಟಿಗೆ ಜಾಗ ಖಾಲಿ ಮಾಡಬೇಕಿತ್ತು. ಪಕ್ಕದ ಬಯಲಲ್ಲಿ ಆರು ತಿಂಗಳ ಮಟ್ಟಿಗೆಂದು ತಗಡಿನ ಶೆಡ್ಡುಗಳು ಎದ್ದವು. ಬುನಾದಿ ಮುಗಿದ ಫೋಟೋ ಮೇಲಕ್ಕೆ ಹೋದರೆ ಮುಂದಿನ ಕಂತು. ಮಾರ್ಚ್ ಮುಗಿಯುವುದರೊಳಗೆ ಕೆಲಸವೇ ಶುರುವಾಗದಿದ್ದರೆ ಈ ಓಣಿಯ ದುಡ್ಡು ಬೇರೆ ಊರಿಗೆ.

ಮೇಡಂ ಮನೆ ಮನೆ ಹೊಕ್ಕರು. ಜಗಳ, ನಗು, ಚಹಾ. ಒಂದೊಂದೇ ಮನೆ ಒಪ್ಪಿತು. ಹಂಪಮ್ಮಜ್ಜಿಯದೊಂದು ಉಳಿಯಿತು.

ಅಜ್ಜಿಯ ಗುಡಿಸಲು ಸರಿಯಾಗಿ ಸಾಲಿನ ನಡುವೆ. ಮಗ ಎರ್ರಿಸ್ವಾಮಿ ಹಮಾಲಿ, ಸೊಸೆ ಈರಮ್ಮ ಜೇಬು ಹೊಲಿಯುವವಳು, ಹತ್ತು ತಿಂಗಳ ಮೊಮ್ಮಗಳು. ಮಗ, ಸೊಸೆ ಇಬ್ಬರಿಗೂ ಮನೆ ಬೇಕಿತ್ತು. ಅಜ್ಜಿ ಮಾತ್ರ ಹೊಸ್ತಿಲ ಮೇಲೆ ಕೂತವಳು ಏಳಲಿಲ್ಲ.

"ಆರು ತಿಂಗಳು ಅಂತ ಅಲ್ಲೂ ಅಂದಿದ್ರು," ಅಂದಳು ಅಜ್ಜಿ. "ಆಂಧ್ರದ ಕಡಿ ಒಂದು ಊರಿಗೆ ದುಡಿಯಾಕ ಹೋಗಿದ್ವಿ. ರೋಡ್ ದೊಡ್ಡದು ಮಾಡ್ತೀವಿ, ಆರು ತಿಂಗಳು ತಗಡಿನಾಗ ಇರ್ರಿ, ಮನಿ ಕಟ್ಟಿ ಕೊಡ್ತೀವಿ ಅಂದ್ರು. ಮೂರು ಬ್ಯಾಸಿಗಿ ಕಳದ್ವಿ. ಮೂರನೇ ಬ್ಯಾಸಿಗ್ಯಾಗ ನಮ್ಮ ಮನಿಯವ್ರು ಆ ತಗಡಿನ ಕೆಳಗ ಜೀವ ಬಿಟ್ರು. ಮನಿ ಬರಲಿಲ್ಲ. ನಾ ಇಲ್ಲಿಂದ ಏಳಂಗಿಲ್ಲ ತಾಯಿ. ಜೇಸಿಬಿ ತರ್ರಿ, ನನ್ನ ಮ್ಯಾಲೆ ಹೊಡೀರಿ."

ಮೇಡಂ ಅವಳ ಮಣಿಕಟ್ಟು ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದರು. ಆಮೇಲೆ ಮೆಲ್ಲಗೆ ಬಿಟ್ಟರು. ಏನೂ ಇತ್ಯರ್ಥ ಆಗದೆ ಅವರು ಕೈ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಓಣಿಯ ಕೆಲವರು ಸಿಟ್ಟಾಗಿದ್ದರು. ಒಬ್ಬ ಮುದುಕಿಗಾಗಿ ಎಲ್ಲರ ಮನೆ ಹೋಗುತ್ತದೆ, ಎತ್ತಿ ಹೊರಗೆ ಕೂರಿಸಿ ಎಂದರು. ಕಚೇರಿಯಲ್ಲೂ ಒಬ್ಬಿಬ್ಬರು ಪೊಲೀಸರನ್ನು ಕರೆಸುವ ಮಾತಾಡಿದರು. "ಕರಸ್ರಿ," ಅಂದರು ಮೇಡಂ. "ಆಮ್ಯಾಲೆ ಆ ಮನಿ ಗೃಹಪ್ರವೇಶಕ್ಕೂ ಅವರನ್ನ ಕರಸ್ರಿ, ನಾ ಬರಂಗಿಲ್ಲ."

ಮರುದಿನ ಬೆಳಿಗ್ಗೆ ಮೇಡಂ ಆಟೋದಲ್ಲಿ ಬಂದಿಳಿದರು. ಒಂದು ಬಟ್ಟೆಯ ಚೀಲ, ಒಂದು ಹಾಸಿಗೆ ಸುರುಳಿ, ಒಂದು ಸ್ಟೋವ್. ಓಣಿಯ ಜನ ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಮೇಡಂ ನೇರವಾಗಿ ಹಂಪಮ್ಮಜ್ಜಿಯ ಹೊಸ್ತಿಲಿಗೆ ಹೋಗಿ, ಸೊಂಟದಿಂದ ಚಾವಿ ತೆಗೆದು ಅವಳ ಮಡಿಲಲ್ಲಿ ಇಟ್ಟರು.

"ಹಂಪಕ್ಕ, ಗಾಂಧಿನಗರದಾಗ ನಾ ಇರೋ ಮನಿ ಚಾವಿ ಇದು. ಎರಡು ರೂಮು. ನಲ್ಲಿ ಐತಿ, ಫ್ಯಾನ್ ಐತಿ. ಮಗ, ಸೊಸಿ, ಕೂಸು ಎಲ್ಲಾರೂ ಅಲ್ಲಿಗೆ ನಡೀರಿ. ನಿಮ್ಮ ಹೆಸರಿನ ಶೆಡ್ಡಿನಾಗ ನಾ ಇರ್ತೀನಿ. ನಿಮ್ಮ ಹೊಸ ಮನಿಗಿ ಬಾಗ್ಲು ಕುಂತ ದಿನ ನನ್ನ ಚಾವಿ ನನಗ ಕೊಡ್ರಿ. ಮನಿ ಆಗ್ಲಿಲ್ಲ, ಚಾವಿ ನಿಮ್ಮದು."

ಅಜ್ಜಿ ಚಾವಿಯನ್ನು ತಿರುಗಿಸಿ ನೋಡಿದಳು. "ಬಾಡಿಗಿ ಮನಿ ಅಲ್ಲೇನು ಅದು? ಅದರ ಚಾವಿ ಇಟ್ಕಂಡು ನಾ ಏನ್ ಮಾಡ್ಲಿ?"

"ಬಾಡಿಗಿ ನಾ ಕಟ್ತೀನಲ್ಲ. ಕಟ್ಟಿ ಕಟ್ಟಿ ಸಾಕಾದಾಗ ನಿಮ್ಮ ಮನಿ ಕಟ್ಟಿಸ್ತೀನಿ."

ಯಾರೋ ಹಿಂದೆ ನಕ್ಕರು. ಅಜ್ಜಿ ನಗಲಿಲ್ಲ. "ತಗಡಿನಾಗ ನೀನು ಇರಾಕ ಆಗಂಗಿಲ್ಲ. ಎರಡು ದಿನಕ್ಕ ಓಡಿ ಬರ್ತಿ."

"ಓಡಿ ಬಂದ್ರ ಎಲ್ಲಿಗಿ ಬರ್ಲಿ? ಮನಿ ಚಾವಿ ನಿಮ್ಮ ಹತ್ರ ಐತಿ."

ನಾನು ಅವರನ್ನು ಪಕ್ಕಕ್ಕೆ ಎಳೆದು, ಇದು ನಿಯಮದಲ್ಲಿ ಇದೆಯಾ ಮೇಡಂ ಎಂದು ಕೇಳಿದೆ. "ಆಫೀಸರು ಶೆಡ್ಡಿನಾಗ ಇರಬಾರದು ಅಂತ ಯಾವ ನಿಯಮದಾಗ ಐತಿ, ತೋರಿಸು, ಈಗೇ ವಾಪಸ್ ಹೋಗ್ತೀನಿ," ಅಂದರು. ಸಂಜೆಯೊಳಗೆ ಅಜ್ಜಿಯ ಸಂಸಾರ ಗೂಡ್ಸ್ ಆಟೋ ಹತ್ತಿತು. ಅಜ್ಜಿ ಮುಂದಿನ ಸೀಟಿನಲ್ಲಿ, ಚಾವಿ ಮುಷ್ಟಿಯಲ್ಲಿ. ಮಾರ್ಚ್ ಮುಗಿಯುವ ಮೊದಲೇ ಗುದ್ದಲಿ ಬಿತ್ತು.

ಗಾಂಧಿನಗರದ ಮನೆಯ ಮಾಲೀಕರು ವಿರೂಪಾಕ್ಷಪ್ಪನವರು, ಕಿರಾಣಿ ವ್ಯಾಪಾರದಿಂದ ವಿರಾಮ ಪಡೆದ ಹಿರಿಯರು. ಮೂರನೇ ದಿನ ಓಣಿಗೇ ಬಂದರು. ಬಿಳಿ ಅಂಗಿ, ಬಿಳಿ ಪಂಚೆ. ಶೆಡ್ಡಿನ ಮುಂದೆ ಮೇಡಂ ಸ್ಟೋವಿನ ಮೇಲೆ ಒಗ್ಗರಣೆ ಹಾಕುತ್ತಿದ್ದರು. ನಾನು ಬುನಾದಿಯ ಅಳತೆ ಮುಗಿಸಿ ಅಲ್ಲೇ ಮಂಡಕ್ಕಿ ತೋಯಿಸುತ್ತ ಕೂತಿದ್ದೆ.

"ಮೇಡಂ, ಮನಿ ನಾವು ನಿಮಗ ಅಂತ ಕೊಟ್ಟಿದ್ದು," ಅಂದರು ಅವರು.

"ಹೌದ್ರಿ. ನಮ್ಮಕ್ಕ ಬಂದು ಇದ್ದಾಳ."

"ಅಕ್ಕ ಅಂದ್ರ..."

"ಅಕ್ಕ ಅಂದ್ರ ಅಕ್ಕ." ಮೇಡಂ ಎದ್ದು ಬಂದು ಅವರ ಮಣಿಕಟ್ಟು ಹಿಡಿದರು. "ನಿಮ್ಮ ಬಾಯಿ ತನಕ ಒಂದು ಮಾತು ಬಂದೈತಿ. ಕೇಳಿಬಿಡ್ರಿ. ನಾ ಉತ್ತರ ಕೊಡ್ತೀನಿ, ನೀವು ಅದನ್ನ ನಾಕು ಮಂದಿ ಮುಂದ ಹೇಳ್ರಿ, ಇಂಥಾ ಕಾರಣಕ್ಕ ಬಿಡಿಸಿದೆ ಅಂತ."

ವಿರೂಪಾಕ್ಷಪ್ಪನವರು ಆ ಮಾತು ಕೇಳಲಿಲ್ಲ. ಕೊನೆಗೆ, "ಮಷಿನ್ ಸದ್ದು ಮಧ್ಯಾಹ್ನ ಬ್ಯಾಡ, ನಮ್ಮ ಮನಿಯಾಕಿಗೆ ನಿದ್ದಿ ಬರಂಗಿಲ್ಲ," ಅಂದರು. ಮೇಡಂ ಅದಕ್ಕೆ ಒಪ್ಪಿ, ಕೈ ಬಿಟ್ಟು, ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ಕೊಟ್ಟರು. ಅವರು ನಿಂತುಕೊಂಡೇ ತಿಂದು ಹೋದರು.

ಪಕ್ಕದಲ್ಲೇ ಇದ್ದ ಅವರ ಮನೆಯಾಕೆ ಕೊನೆಯವರೆಗೂ ಬದಲಾಗಲಿಲ್ಲ. ಕೇಳಿದ್ದನ್ನು ಕಾಂಪೌಂಡಿನ ಮೇಲಿಂದ ಕೊಡುತ್ತಿದ್ದರು, ಒಮ್ಮೆಯೂ ಒಳಗೆ ಕರೆಯಲಿಲ್ಲ. ಹಂಪಮ್ಮಜ್ಜಿ ಅದನ್ನು ಮನಸ್ಸಿಗೆ ಹಚ್ಚಿಕೊಂಡಳೋ ಇಲ್ಲವೋ ಹೇಳಲಾರೆ. ದಿನಾ ಬೆಳಿಗ್ಗೆ ಗಾಂಧಿನಗರದಿಂದ ನಡೆದು ಬಂದು, ಸೆರಗು ತಲೆ ಮೇಲೆ ಹೊದ್ದು, ತನ್ನ ಮನೆಯ ಗೋಡೆ ಎಷ್ಟು ಎದ್ದಿದೆ ಎಂದು ನೋಡಿ ಹೋಗುತ್ತಿದ್ದಳು. "ಹೆಂಗೈತಿ ಅಕ್ಕ ನಮ್ಮ ಗಾಂಧಿನಗರ?" ಎಂದು ಮೇಡಂ ಕೇಳಿದರೆ, "ಏನ್ ಐತಿ ಅಲ್ಲಿ? ಎಲ್ಲಾರೂ ಗೇಟ್ ಸಾಕ್ಯಾರ. ಅದು ಒದರಿದಾಗ ಮಾತ್ರ ಹೊರಗ ಬರ್ತಾರ," ಅನ್ನುತ್ತಿದ್ದಳು. ಮೇಡಂ ಬಿದ್ದು ಬಿದ್ದು ನಗುತ್ತಿದ್ದರು.

ಮೇಡಂ ಶೆಡ್ಡಿನಲ್ಲಿ ಇದ್ದದ್ದರಿಂದ ಹೆಚ್ಚು ತೊಂದರೆಯಾದದ್ದು ಗುತ್ತಿಗೆದಾರನಿಗೆ. ಒಳ್ಳೆಯ ಮನುಷ್ಯ, ಆದರೆ ಮೂರು ಕಡೆ ಕೆಲಸ ಹಿಡಿದವನು. ಅವನ ಮೇಸ್ತ್ರಿ ಬೆಳಿಗ್ಗೆ ಬಂದು ನೋಡಿದರೆ ಅಧಿಕಾರಿ ಇಟ್ಟಿಗೆ ರಾಶಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದಾರೆ! "ಏನಪಾ, ನಿನ್ನಿ ಗ್ವಾಡಿಗೆ ನೀರು ಹೊಡದಿಲ್ಲ? ನನಗ ಕುಡಿಯಾಕ ನೀರು ಬೇಕು, ಗ್ವಾಡಿಗೆ ಬ್ಯಾಡೇನು?" ಹೀಗೆ ದಿನಾ. ನನ್ನ ಅನುಭವದಲ್ಲಿ ಅಷ್ಟು ಚೆನ್ನಾಗಿ ನೀರುಂಡ ಗೋಡೆಗಳು ಬಳ್ಳಾರಿಯಲ್ಲಿ ಬೇರೆ ಇಲ್ಲ.

ಆದರೆ ಬಿಸಿಲು ಅವರನ್ನು ಬಿಡಲಿಲ್ಲ. ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ನನಗೆ ಫೋನ್ ಬಂತು, ಮೇಡಂ ಬಿದ್ದಿದ್ದಾರೆ ಎಂದು. ಓಡಿದೆ. ಓಣಿಯ ಹೆಂಗಸರು ಅವರನ್ನು ಎತ್ತಿ ತಂದು ಬಯಲಿನ ಅಂಚಿನ ಬೇವಿನ ಮರದ ಕೆಳಗೆ ಮಲಗಿಸಿ, ತೋಯಿಸಿದ ಜೀನ್ಸಿನ ಬಟ್ಟೆ ಹಣೆ, ಎದೆ, ಪಾದಕ್ಕೆ ಹಾಕಿದ್ದರು. ತಗಡಿನ ಕೆಳಗೆ ಆ ಹೊತ್ತಿನಲ್ಲಿ ಯಾರೂ ಇರಲಾಗುತ್ತಿರಲಿಲ್ಲ. ಎಲ್ಲರ ಮಷಿನ್ನುಗಳೂ ಅದೇ ಮರದ ಕೆಳಗೆ ಬಂದಿರುತ್ತಿದ್ದವು. ಡಾಕ್ಟರು ಬಂದು ನೋಡಿ, ಬಿಸಿಲಿನ ಹೊಡೆತ, ಸಕ್ಕರೆ ಕಾಯಿಲೆ ಬೇರೆ ಇದೆ, ಆಸ್ಪತ್ರೆಗೆ ಬನ್ನಿ ಎಂದರು. ಮೇಡಂ ಬರುತ್ತೇನೆ ಎಂದರು, ಆದರೆ ಏಳಲಿಲ್ಲ. ಪಕ್ಕಕ್ಕೆ ತಿರುಗಿ ಏನನ್ನೋ ನೋಡುತ್ತಿದ್ದರು.

ಈರಮ್ಮ ಜೇಬು ಹೊಲಿಯುತ್ತಿದ್ದಳು. ಗಾಂಧಿನಗರದಲ್ಲಿ ಮಧ್ಯಾಹ್ನ ಮಷಿನ್ ಓಡಿಸುವಂತಿಲ್ಲವಲ್ಲ, ಹಾಗಾಗಿ ಮಷಿನ್ ಇಲ್ಲಿಗೇ ತಂದಿಟ್ಟು, ಕೂಸನ್ನು ಎತ್ತಿಕೊಂಡು ಬರುತ್ತಿದ್ದಳು. ಆ ಕೂಸಿನ ಸೊಂಟಕ್ಕೆ ಹಳೆಯ ಸೀರೆಯ ಪಟ್ಟಿ. ಪಟ್ಟಿಯ ಇನ್ನೊಂದು ತುದಿ ಮಷಿನ್ನಿನ ಕಾಲಿಗೆ. ಅತ್ತ ಬುನಾದಿಯ ಗುಂಡಿ, ಇತ್ತ ರಸ್ತೆ. ಕೂಸು ಹಗ್ಗ ಸಾಗುವಷ್ಟು ದೂರ ಅಂಬೆಗಾಲಿಟ್ಟು ಹೋಗಿ, ಹಗ್ಗ ಎಳೆದಾಗ ಕೂತು, ಮಣ್ಣು ಬಾಯಿಗೆ ಹಾಕಿಕೊಂಡು, ತಿರುಗಿ ಬರುತ್ತಿತ್ತು. ಸುತ್ತಲೂ ಇನ್ನೂ ಮೂರ್ನಾಲ್ಕು ಮಷಿನ್ನುಗಳಿಗೆ ಮೂರ್ನಾಲ್ಕು ಕೂಸುಗಳು.

"ಏ ಈರಿ," ಎಂದು ಮೇಡಂ ಮಲಗಿದಲ್ಲಿಂದಲೇ ಕರೆದರು. "ಹೊಸ ಮನಿ ಆದ ಮ್ಯಾಲೆ ಇದನ್ನ ಎಲ್ಲಿ ಕಟ್ತಿ?"

ಈರಮ್ಮ ತಲೆ ಎತ್ತದೆ ಹೇಳಿದಳು: "ಮಷಿನ್ನಿಗೇ ರೀ. ಇನ್ನೆಲ್ಲಿ ಕಟ್ಟಾದು?"

ಆಸ್ಪತ್ರೆಯಲ್ಲಿ ಎರಡು ದಿನ ಸಲೈನ್ ಏರಿಸಿಕೊಂಡು ಬಂದ ಮೇಲೆ ಮೇಡಂ ಶೆಡ್ಡಿಗೇ ಹೋದರು. ಯಾರ ಮಾತೂ ಕೇಳಲಿಲ್ಲ. ಆದರೆ ಆ ವಾರವೇ ಓಣಿಯ ಸಭೆ ಕರೆದರು. ಸಮುದಾಯ ಭವನದ ನಕ್ಷೆ ನಾನೇ ಬರೆದಿದ್ದೆ: ದೊಡ್ಡ ಹಾಲ್, ಒಂದು ತುದಿಗೆ ವೇದಿಕೆ, ಮುಂದೆ ಕಮಾನು. ಮದುವೆ, ಸೀಮಂತಕ್ಕೆ ಆಗಲಿ ಎಂದು ಗಂಡಸರು ಕೇಳಿದ್ದರು, ನಾನು ಹಾಗೇ ಬರೆದುಕೊಟ್ಟಿದ್ದೆ.

"ಈ ಓಣ್ಯಾಗ ವರ್ಷಕ್ಕ ಎಷ್ಟು ಲಗ್ನ ಆಗ್ತಾವಪಾ?" ಎಂದು ಮೇಡಂ ಕೇಳಿದರು.

"ನಾಕೋ ಐದೋ," ಅಂದ ಎರ್ರಿಸ್ವಾಮಿ.

"ಉಳಿದ ದಿನ ಬೀಗ. ಹೌದಿಲ್ಲ? ನಿಮ್ಮ ಹೆಂಡ್ರು ದಿನಾ ಹೊಲೀತಾರ. ಕೂಸು ದಿನಾ ಇರ್ತಾವ. ವೇದಿಕಿ ತಗದು ಅಲ್ಲಿ ಕೂಸಿನ ಮನಿ ಮಾಡಾನು. ಹಾಲಿನಾಗ ಹಗಲು ಮಷಿನ್ ಇಡಾನು, ಲಗ್ನ ಬಂದ್ರ ಎತ್ತಿ ಬದಿಗಿಡಾನು. ಏನಂತೀರಿ?"

ಗದ್ದಲ ಎದ್ದಿತು. ಪಕ್ಕದ ಓಣಿಗೆ ಕಮಾನು ಇದೆ, ನಮಗೆ ಬೇಡವೇ ಎಂದು ಒಬ್ಬ ಕೇಳಿದ. ಬೀಗರು ಬಂದರೆ ಎಲ್ಲಿ ಕೂರಿಸೋಣ ಎಂದು ಇನ್ನೊಬ್ಬ. ಅವರ ಮಾತಿನಲ್ಲೂ ಹುರುಳಿತ್ತು. ಇಷ್ಟು ವರ್ಷ ರಸ್ತೆಯಲ್ಲೇ ಶಾಮಿಯಾನ ಹಾಕಿ ಮದುವೆ ಮಾಡಿದವರು ಅವರು. ಮೇಡಂ ಯಾರನ್ನೂ ತಡೆಯಲಿಲ್ಲ. ಎಲ್ಲರ ಮಾತು ಮುಗಿದ ಮೇಲೆ ಹಿಂದೆ ಕೂತಿದ್ದ ಹಂಪಮ್ಮಜ್ಜಿ ಎದ್ದಳು.

"ಆ ಗಾಂಧಿನಗರದಾಗ ಮನಿ ಐತಿ, ನಲ್ಲಿ ಐತಿ, ಫ್ಯಾನ್ ಐತಿ. ನನ್ನ ಸೊಸಿ ಕೆಲಸ ಮಾಡಾಕ ಜಾಗ ಇಲ್ಲ," ಅಂದಳು. "ಮನಿ ಕೊಟ್ಟು ದುಡಿಮಿ ಕಸಗಂಡ್ರ ಆ ಮನ್ಯಾಗ ಏನ್ ಬೇಯಿಸ್ಕಂಡು ತಿನ್ನಾದು? ನಿಮ್ಮ ಬೀಗರು ಬಂದ್ರ ನಮ್ಮ ಮನ್ಯಾಗ ಕುಂದ್ರಲಿ. ಈಗ ಹೆಂಗೂ ಸ್ಲ್ಯಾಬಿನ ಮನಿ ಆಗ್ತಾವಲ್ಲ."

ಇಷ್ಟು ದಿನ ಮನೆ ಆಗುತ್ತದೆ ಎಂದು ನಂಬದಿದ್ದವಳು ‘ಆಗ್ತಾವಲ್ಲ’ ಅಂದದ್ದನ್ನು ಓಣಿಯೆಲ್ಲ ಕೇಳಿತು. ಆಮೇಲೆ ಮಾತು ಬೇಗ ಮುಗಿಯಿತು. ಕಮಾನು ಮಾತ್ರ ಇರಲಿ, ಚಿಕ್ಕದೇ ಇರಲಿ ಎಂದರು. ಮೇಡಂ ಒಪ್ಪಿದರು.

ನಕ್ಷೆ ಬದಲಿಸಲು ಮೇಲಿನ ಒಪ್ಪಿಗೆ ಬೇಕಿತ್ತು. ಮೇಡಂ ಆಯುಕ್ತರ ಕೋಣೆಗೆ ನನ್ನನ್ನೂ ಕರೆದೊಯ್ದು, ಅವರ ಕೈ ಹಿಡಿದು, ಕೂಸು ಕಟ್ಟಿದ ಹಗ್ಗದ ಕಥೆ ಪೂರ್ತಿ ಹೇಳಿದರು. ಆಯುಕ್ತರು ಒಂದೇ ಪ್ರಶ್ನೆ ಕೇಳಿದರು: "ಖರ್ಚು ಹೆಚ್ಚಾಗುತ್ತಾ?" "ವೇದಿಕೆಯ ಸಿಮೆಂಟು ಕಿಟಕಿಗೆ ಹೋಗುತ್ತೆ ಸರ್, ಅಷ್ಟೇ," ಎಂದೆ ನಾನು. ಆ ಕೋಣೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಹೊರಗೆ ಬಂದ ಮೇಲೆ ಮೇಡಂ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಒಂದು ವಾರ ನೋವಿತ್ತು, ಖುಷಿಯೂ ಇತ್ತು.

ಮನೆಗಳು ಮುಗಿಯುವ ಹೊತ್ತಿಗೆ ಮಳೆಗಾಲ ಕಳೆದು ದೀಪಾವಳಿ ಹತ್ತಿರ ಬಂದಿತ್ತು. ಆರು ತಿಂಗಳಿಗಿಂತ ಹೆಚ್ಚೇ ಹಿಡಿಯಿತು. ಹಂಪಮ್ಮಜ್ಜಿಯ ಮನೆಗೆ ಬಾಗಿಲು ಕೂತ ದಿನ ಎರ್ರಿಸ್ವಾಮಿ ಸಾಮಾನು ತಂದು ಅಂಗಳದಲ್ಲಿ ಇಳಿಸಿದ. ಎಲ್ಲರೂ ಒಳಗೆ ಹೋಗಲಿ ಎಂದು ಕಾಯುತ್ತಿದ್ದರೆ ಅಜ್ಜಿ ತಗಡಿನ ಶೆಡ್ಡಿನ ಕಡೆ ನಡೆದಳು.

"ಹೊರಗ ಬಾ ಮೇಡಮ್ಮಾ," ಎಂದು ಕೂಗಿದಳು. "ನೀನು ಮೊದಲು ಇದರಾಗಿಂದ ಹೊರಗ ಬಾ. ಆಮ್ಯಾಲೆ ನಾ ನನ್ನ ಮನ್ಯಾಗ ಕಾಲಿಡ್ತೀನಿ."

ಮೇಡಂ ಹಾಸಿಗೆ ಸುತ್ತಿಕೊಂಡು ಬಂದರು. ಮುಖ ಕಪ್ಪಿಟ್ಟಿತ್ತು, ಸೊರಗಿದ್ದರು. ಅಜ್ಜಿ ಚಾವಿ ಕೊಟ್ಟಳು. ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಅಳುವ ಸದ್ದು ಕೇಳಿತು. ಮೇಡಂ ನಮ್ಮೆಲ್ಲರನ್ನೂ ದೂರ ಕಳಿಸಿದರು, "ಅದು ಆಕಿ ಮತ್ತ ಆಕಿ ಗಂಡನ ಮಾತು," ಎಂದು.

ನಿವೃತ್ತರಾದ ಮೇಲೆ ಮೇಡಂ ಕುರುಗೋಡಿಗೆ, ತಮ್ಮನ ಮನೆಗೆ ಹೋದರು. ನನಗೆ ಸಿರುಗುಪ್ಪದಲ್ಲಿ ಕೆಲಸ ಸಿಕ್ಕಿತು. ಅಲ್ಲೂ ಅಂಥದೇ ಒಂದು ಅನುದಾನ, ಅಂಥದೇ ಒಂದು ಓಣಿ. ಜನ ನನ್ನನ್ನು ನಂಬಲೊಲ್ಲರು. ಎರಡು ಸಭೆಗಳಲ್ಲಿ ಯಾರೂ ಬಾಯಿ ಬಿಡಲಿಲ್ಲ. ಒಂದು ಭಾನುವಾರ ಎರಡು ಬಸ್ಸು ಬದಲಿಸಿ ಕುರುಗೋಡಿಗೆ ಹೋದೆ. ಮೇಡಂ ತಮ್ಮನ ಅಂಗಳದಲ್ಲಿ ಶೇಂಗಾ ಒಣಗಿಸುತ್ತ ಕೂತಿದ್ದರು. ಕಾಲು ಊದಿಕೊಂಡಿತ್ತು. ಧ್ವನಿ ಮಾತ್ರ ಹಾಗೇ ಇತ್ತು.

"ನೀವು ಒಂದು ಸಲ ಬಂದು ಮಾತಾಡಿ ಮೇಡಂ," ಎಂದು ಕೇಳಿಕೊಂಡೆ. "ಕಾರ್ ತರ್ತೀನಿ, ನೀವು ಬರೀ ಕೂತರೆ ಸಾಕು."

"ಬರಂಗಿಲ್ಲ," ಅಂದರು ತಕ್ಷಣ. "ನಾ ಬಂದ್ರ ನನ್ನ ಮಾತು ಕೇಳ್ತಾರ. ಮರುದಿನ ನಾ ಇಲ್ಲಿಗೆ ಬರ್ತೀನಿ. ಅಲ್ಲಿ ಇರಾಕಿ ನೀನು."

"ನನ್ನ ಮಾತು ಕೇಳ್ತಿಲ್ಲ ಅವರು."

"ನೀ ಅವರ ಮಾತು ಎಷ್ಟು ಕೇಳಿದಿ?"

ಅವರು ಅದನ್ನು ಬೆಳೆಸಲಿಲ್ಲ. ಒಳಗೆ ಕರೆದು ರೊಟ್ಟಿ, ಪುಂಡಿಪಲ್ಯ ಹಾಕಿದರು. ನನ್ನ ಅಮ್ಮನ ಮಂಡಿನೋವು ಕೇಳಿದರು. ಬೇಡ ಬೇಡ ಎಂದರೂ ಬಸ್ ಸ್ಟ್ಯಾಂಡಿನವರೆಗೆ ಕುಂಟುತ್ತ ಬಂದರು. ಬಸ್ಸು ಹೊರಟಾಗ ಕೈ ಬೀಸೋಣ ಎಂದು ಕಿಟಕಿಯಿಂದ ತಲೆ ಹೊರಹಾಕಿದೆ. ಮೇಡಂ ಆಗಲೇ ಬೆನ್ನು ತಿರುಗಿಸಿ, ಕಟ್ಟೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದ ಯಾರೋ ಒಬ್ಬ ಹೆಂಗಸಿನ ಜೊತೆ ಜೋರಾಗಿ ಮಾತಾಡುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಅದಾಗಿ ಎರಡು ತಿಂಗಳಿಗೆ, ಸಂಕ್ರಾಂತಿಯ ಹಿಂದುಮುಂದು, ಅವರ ತಮ್ಮ ಫೋನ್ ಮಾಡಿದರು. ಮೇಡಂ ನಿದ್ದೆಯಲ್ಲೇ ಹೋಗಿದ್ದರು.

ನಾನು ಕುರುಗೋಡು ತಲುಪುವಷ್ಟರಲ್ಲಿ ಸುಣ್ಣದಗೂಡು ಓಣಿಯ ಹೆಂಗಸರು ಟೆಂಪೋದಲ್ಲಿ ಬಂದು ಅಂಗಳದ ತುಂಬ ಕೂತಿದ್ದರು. ಹಂಪಮ್ಮಜ್ಜಿ ಎಲ್ಲರಿಗಿಂತ ಮುಂದೆ. ಈರಮ್ಮನ ಮಗಳು ಯಾರ ಕೈಗೂ ಸಿಗದೆ ಓಡಾಡುತ್ತಿದ್ದಳು. ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದಳು:

"ನೀ ಈಗ ಎಲ್ಲಿ ಅದೀ?"

"ಸಿರುಗುಪ್ಪದಾಗ ಅಜ್ಜಿ. ಅಲ್ಲೂ ಮನಿ ಕಟ್ಟಿಸ್ತಿದೀವಿ. ಸಂಜಿಗೆ ಓಣ್ಯಾಗ ಸಭಾ ಇತ್ತು. ಇವತ್ತು ಬ್ಯಾಡ ಅಂತ ಹೇಳಿ ಕಳಿಸ್ತೀನಿ."

"ಯಾಕ? ಅವರು ಕೆಲಸ ಬಿಟ್ಟು ಬಂದು ಕುಂತಿರ್ತಾರಲ್ಲ," ಅಂದಳು ಅಜ್ಜಿ. ಎದ್ದು ಸೆರಗು ಕೊಡವಿ, ತನ್ನ ಓಣಿಯವರನ್ನು ಕೂಗಿ ಟೆಂಪೋ ಹತ್ತಿಸಿದಳು. ಅವರಿಗೂ ಸಂಜೆಗೆ ಮೂಟೆ ಕೊಡುವುದಿತ್ತು.

ನಾನು ಸಿರುಗುಪ್ಪದ ಬಸ್ಸು ಹಿಡಿದೆ. ಸಭೆ ಮುಂದಕ್ಕೆ ಹಾಕಲಿಲ್ಲ. ನನ್ನ ಮಾತು ಹೇಳದೆ, ಮೊದಲು ಒಬ್ಬಾಕೆಯನ್ನು ಕೇಳಿದೆ, ನಿಮ್ಮ ಮನೆಯಲ್ಲಿ ಮಧ್ಯಾಹ್ನ ಯಾರು ಯಾರು ಎಲ್ಲೆಲ್ಲಿ ಕೂರುತ್ತೀರಿ ಎಂದು. ಆಕೆ ಹೇಳತೊಡಗಿದಳು. ಆಮೇಲೆ ಪಕ್ಕದವಳು. ದೀಪ ಹತ್ತುವವರೆಗೂ ಹೇಳುತ್ತಲೇ ಇದ್ದರು.